ಚೀಟಿ ಮೊದಲು, ದೋಸೆ ಆಮೇಲೆ: ಜೀವಕೋಶ ಡಿಎನ್‌ಎ ನಕಲು ಶುರು ಮಾಡುವ ಬಗೆ

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲಿ, ಬಸವನಗುಡಿಯ ಈ ಟ್ರಾಫಿಕ್ ದಾಟಿಕೊಂಡು, ಡಿಎನ್‌ಎ ಬಗ್ಗೆ ಕೇಳೋಕೆ ಹಾಲ್ ತುಂಬಾ ಜನ ಬಂದಿದ್ದೀರಿ. ತುಂಬ ಸಂತೋಷ.

ಇವತ್ತಿನ ಮಾತಿಗೆ ಕಾರಣ ಒಬ್ಬ ಪಿಯು ಹುಡುಗಿ. ಹೋದ ತಿಂಗಳು ಒಂದು ಕಾಲೇಜಿನಲ್ಲಿ, ಜೀವಕೋಶ ಎರಡಾಗುವ ಮುಂಚೆ ತನ್ನ ಡಿಎನ್‌ಎಯನ್ನು ಹೇಗೆ ನಕಲು ಮಾಡಿಕೊಳ್ಳುತ್ತದೆ ಅಂತ ಪಾಠ ಮಾಡುತ್ತಿದ್ದೆ. ಹೆಲಿಕೇಸ್ ಬಂದು ಎರಡು ಎಳೆ ಬಿಡಿಸುತ್ತದೆ, ಪಾಲಿಮರೇಸ್ ಬಂದು ನಕಲು ಮಾಡುತ್ತದೆ, ನಿಮಗೆಲ್ಲ ಗೊತ್ತಿರುವ ಪಾಠವೇ. ಆ ಹುಡುಗಿ ಎದ್ದು ನಿಂತಳು. "ಸರ್, ಈಗ ಶುರು ಮಾಡು ಅಂತ ಹೆಲಿಕೇಸ್‌ಗೆ ಯಾರು ಹೇಳ್ತಾರೆ? ಒಂದು ಸಲ ಆದ್ಮೇಲೆ ಮತ್ತೆ ಯಾಕೆ ಮಾಡಲ್ಲ?"

ಎಂಥಾ ಪ್ರಶ್ನೆ ನೋಡಿ! ನಾವು ಈ ಪಾಠವನ್ನು ಇಂಟರ್ವಲ್ ಆದ ಮೇಲಿಂದ ಹೇಳುತ್ತೇವೆ. ಮೊದಲರ್ಧದ ಕಥೆ ಯಾರೂ ಹೇಳುವುದಿಲ್ಲ. ಅದೂ ಅವಳ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು. ನಕಲು ಶುರು ಮಾಡುವುದು ಕಷ್ಟವೇ. ಆದರೆ ಎರಡನೇ ಸಲ ಶುರುವಾಗದ ಹಾಗೆ ನೋಡಿಕೊಳ್ಳುವುದು ಅದಕ್ಕಿಂತ ಕಷ್ಟ. ಇದನ್ನು ಇವತ್ತು ನಾಲ್ಕು ಸಲವಾದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಾಕೆ ಕಷ್ಟ? ಒಂದು ಲೆಕ್ಕ ಹಾಕೋಣ. ನಮ್ಮ ಒಂದನೇ ಕ್ರೋಮೋಸೋಮಿನಲ್ಲಿ ಸುಮಾರು 25 ಕೋಟಿ ಡಿಎನ್‌ಎ ಅಕ್ಷರಗಳಿವೆ. ನಕಲು ಮಾಡುವ ಯಂತ್ರ ನಿಮಿಷಕ್ಕೆ ಹೆಚ್ಚೂಕಡಿಮೆ 2,000 ಅಕ್ಷರ ಓಡುತ್ತದೆ. ನಡುಮಧ್ಯದಲ್ಲಿ ಒಂದೇ ಕಡೆ ಶುರು ಮಾಡಿ ಎರಡೂ ದಿಕ್ಕಿಗೆ ಹೋದರೂ ಮುಗಿಯಲು 43 ದಿನ ಬೇಕು. ಆದರೆ ನಮ್ಮ ಜೀವಕೋಶ ಸುಮಾರು 8 ಗಂಟೆಯಲ್ಲಿ ಕೆಲಸ ಮುಗಿಸುತ್ತದೆ. ಹೇಗೆ? ಹತ್ತಾರು ಸಾವಿರ ಜಾಗಗಳಲ್ಲಿ ಶುರು ಮಾಡುತ್ತದೆ. ಬ್ಯಾಕ್ಟೀರಿಯಾ ಇ. ಕೋಲಿಗೆ ಒಂದೇ ಜಾಗ ಸಾಕು, ಅದರ ಡಿಎನ್‌ಎ ಅಷ್ಟು ಚಿಕ್ಕದು. ನಮಗೆ ಸಾಲದು. ಸರಿ, ಅಷ್ಟೊಂದು ಜಾಗಗಳಲ್ಲಿ ಯಾವುದು ಶುರುವಾಗಿದೆ, ಯಾವುದು ಮುಗಿದಿದೆ ಅಂತ ನೆನಪಿಡುವವರು ಯಾರು? ಒಂದು ಜಾಗ ಎರಡು ಸಲ ಶುರುವಾದರೂ ಅಲ್ಲಿ ಡಿಎನ್‌ಎ ಜಾಸ್ತಿಯಾಗುತ್ತದೆ, ಮುರಿಯುತ್ತದೆ. ಕ್ಯಾನ್ಸರ್‌ಗೆ ಅದೊಂದು ದಾರಿ.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಪ್ರಯೋಗ ಹೇಳಲೇಬೇಕು. 1970. ಭಾರತದಿಂದ ಅಮೆರಿಕಕ್ಕೆ ಹೋಗಿದ್ದ ಪೋಟು ನರಸಿಂಹ ರಾವ್, ಜೊತೆಗೆ ರಾಬರ್ಟ್ ಜಾನ್ಸನ್. ಇವರು ಹೀಲಾ ಜೀವಕೋಶಗಳನ್ನು, ಅಂದರೆ ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕೋಶಗಳನ್ನು, ಎರಡೆರಡಾಗಿ ಅಂಟಿಸಿದರು. ಅಂಟು ಯಾವುದು ಗೊತ್ತಾ? ಸೆಂಡೈ ಅನ್ನುವ ವೈರಸ್, ಸಾಯಿಸಿದ್ದು. ಅದನ್ನು ಸೇರಿಸಿದರೆ ಎರಡು ಕೋಶಗಳ ಪೊರೆ ಕೂಡಿಕೊಂಡು ಒಂದೇ ಮನೆಯೊಳಗೆ ಎರಡು ನ್ಯೂಕ್ಲಿಯಸ್ ಉಳಿಯುತ್ತವೆ. ಒಂದೇ ಅಡುಗೆಮನೆ, ಎರಡು ಸಂಸಾರ.

ಮೊದಲು, ನಕಲು ಮಾಡುತ್ತಿರುವ ಕೋಶವನ್ನು ಇನ್ನೂ ಶುರು ಮಾಡದ ಕೋಶಕ್ಕೆ ಸೇರಿಸಿದರು. ಶುರು ಮಾಡದ ನ್ಯೂಕ್ಲಿಯಸ್ ತನ್ನ ಹೊತ್ತಿಗೆ ಮುಂಚೆಯೇ ನಕಲು ಶುರು ಮಾಡಿತು! ಅಂದರೆ ಕೋಶದ ರಸದಲ್ಲಿ "ಶುರು ಮಾಡು" ಅನ್ನುವ ಏನೋ ಇದೆ. ಆಮೇಲೆ, ನಕಲು ಮಾಡುತ್ತಿರುವ ಕೋಶವನ್ನು ಆಗಲೇ ನಕಲು ಮುಗಿಸಿದ ಕೋಶಕ್ಕೆ ಸೇರಿಸಿದರು. ಅದೇ ರಸ, ಅದೇ ಅಪ್ಪಣೆ. ಮುಗಿಸಿದ ನ್ಯೂಕ್ಲಿಯಸ್ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ.

ಇದನ್ನು ಸುಮ್ನೆ ಒಂದು ನಿಮಿಷ ಯೋಚನೆ ಮಾಡಿ. ಅಪ್ಪಣೆ ಇಬ್ಬರಿಗೂ ಕೇಳಿಸುತ್ತಿದೆ. ಒಬ್ಬ ಎದ್ದು ಹೊರಡುತ್ತಾನೆ, ಇನ್ನೊಬ್ಬ ಹೊರಡುವುದಿಲ್ಲ. ಹಾಗಾದರೆ ಅಪ್ಪಣೆಯ ಜೊತೆಗೆ ಇನ್ನೇನೋ ಬೇಕು. ಮೊದಲನೆಯವನ ಕೈಯಲ್ಲಿ ಅದಿದೆ, ಎರಡನೆಯವನ ಹತ್ತಿರ ಖರ್ಚಾಗಿಹೋಗಿದೆ. ಅನುಮತಿ ಬೇರೆ, ಆರಂಭ ಬೇರೆ. 1988ರಲ್ಲಿ ಬ್ಲೋ ಮತ್ತು ಲಾಸ್ಕಿ ಅನ್ನುವ ವಿಜ್ಞಾನಿಗಳು ಕಪ್ಪೆಯ ಮೊಟ್ಟೆಯ ರಸದಲ್ಲಿ ಇದನ್ನೇ ನೋಡಿ ಲೈಸೆನ್ಸ್ ಅನ್ನುವ ಹೆಸರು ಕೊಟ್ಟರು.

ಲೈಸೆನ್ಸ್ ಅಂದರೆ ನಿಮಗೆ ಆರ್‌ಟಿಓ ನೆನಪಾಗಬಹುದು. ನನಗೆ ದರ್ಶಿನಿ ನೆನಪಾಗುತ್ತದೆ. ಇವತ್ತು ಬೆಳಗ್ಗೆ ಗಾಂಧಿ ಬಜಾರಿನಲ್ಲಿ ತಿಂಡಿಗೆ ಹೋಗಿದ್ದೆ. ಬಿಲ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡೆ. ದೋಸೆ ಕೌಂಟರಿನ ಹುಡುಗ ಅದನ್ನು ಇಸಕೊಂಡು ಟಪ್ ಅಂತ ಮೊಳೆಗೆ ಚುಚ್ಚಿದ. ಆ ಚೀಟಿಗೆ ಇನ್ನೊಂದು ದೋಸೆ ಸಿಗಲ್ಲ. ಜೀವಕೋಶ ಇದಕ್ಕೆ ಇನ್ನೊಂದು ನಿಯಮ ಸೇರಿಸಿದೆ. ಒಲೆ ಹಚ್ಚುವ ಮುಂಚೆ ಬಿಲ್ ಕೌಂಟರ್ ಮುಚ್ಚಿರಬೇಕು. ಚೀಟಿ ಕೊಡುವ ಹೊತ್ತಿನಲ್ಲಿ ದೋಸೆ ಇಲ್ಲ, ದೋಸೆ ಹುಯ್ಯುವ ಹೊತ್ತಿನಲ್ಲಿ ಚೀಟಿ ಇಲ್ಲ.

ಚೀಟಿ ಬರೆಯುವವರು ಯಾರು? ಮೊದಲು ಓಆರ್‌ಸಿ. ಆರು ಪ್ರೊಟೀನುಗಳ ಗುಂಪು. 1992ರಲ್ಲಿ ಸ್ಟೀಫನ್ ಬೆಲ್ ಮತ್ತು ಬ್ರೂಸ್ ಸ್ಟಿಲ್ಮನ್ ಯೀಸ್ಟಿನಲ್ಲಿ ಕಂಡುಹಿಡಿದರು, ಆಮೇಲೆ ನಮ್ಮಲ್ಲೂ ಸಿಕ್ಕಿತು. ಅದು ಡಿಎನ್‌ಎ ಮೇಲೆ ಕೂರುತ್ತದೆ, ಸಿಡಿಸಿ6 ಜೊತೆಗೂಡುತ್ತದೆ. ಸಿಡಿಟಿ1 ಅನ್ನುವ ಇನ್ನೊಂದು ಪ್ರೊಟೀನ್ ಎಂಸಿಎಂ ಉಂಗುರವನ್ನು ಕರೆತರುತ್ತದೆ. ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಕಷ್ಟ ಬೇಡ, ಉಂಗುರ ಒಂದು ನೆನಪಿರಲಿ. ಅದೇ ಚೀಟಿ. ದಾರಕ್ಕೆ ಎರಡು ಬಳೆ ಪೋಣಿಸಿ, ಮುಖಕ್ಕೆ ಮುಖ ತಾಗಿಸಿ ಇಟ್ಟ ಹಾಗೆ ಎರಡು ಉಂಗುರಗಳು ಡಿಎನ್‌ಎ ಸುತ್ತ ಕೂರುತ್ತವೆ. ಇವೇ ಮುಂದೆ ಹೆಲಿಕೇಸ್ ಆಗುವುದು. ಆದರೆ ಈಗ ಏನೂ ಮಾಡುವುದಿಲ್ಲ. ಸುಮ್ಮನೆ ಕಾಯುತ್ತವೆ, ಗಂಟೆಗಟ್ಟಲೆ.

ಆಮೇಲೆ ಸಿಡಿಕೆ, ಡಿಡಿಕೆ ಅನ್ನುವ ಎರಡು ಕೈನೇಸ್ ಕಿಣ್ವಗಳು ಬಂದು ಫಾಸ್ಫೇಟ್ ಅಂಟಿಸುತ್ತವೆ. ಪ್ರತಿ ಉಂಗುರಕ್ಕೂ ಸಿಡಿಸಿ45 ಮತ್ತು ಗಿನ್ಸ್ ಅನ್ನುವ ಪ್ರೊಟೀನುಗಳು ಬಂದು ಸೇರಿಕೊಳ್ಳುತ್ತವೆ. ಆಗ ಉಂಗುರಕ್ಕೆ ಜೀವ ಬರುತ್ತದೆ. ಜೋಡಿ ಎಳೆಯನ್ನು ತಬ್ಬಿಕೊಂಡಿದ್ದ ಪ್ರತಿ ಉಂಗುರವೂ ಒಂದು ಎಳೆಯನ್ನು ಹೊರಗೆ ಬಿಟ್ಟು, ಒಂದನ್ನು ಮಾತ್ರ ಹಿಡಿದು, ಎದುರಿನ ಉಂಗುರವನ್ನು ದಾಟಿಕೊಂಡು ಓಡುತ್ತದೆ. ಚೀಟಿ ಮೊಳೆಗೆ ಬಿತ್ತು. ಆ ಜಾಗದಲ್ಲಿ ಇನ್ನು ಉಂಗುರ ಇಲ್ಲ.

ಹೊಸ ಉಂಗುರ ಯಾಕೆ ಬಂದು ಕೂರಲ್ಲ? ಇದೇ ಆ ಹುಡುಗಿಯ ಎರಡನೇ ಪ್ರಶ್ನೆ. ಒಲೆ ಹಚ್ಚುವ ಸಿಡಿಕೆಯೇ ಬಿಲ್ ಕೌಂಟರನ್ನೂ ಮುಚ್ಚಿಸುತ್ತದೆ. ನಮ್ಮಂಥ ಪ್ರಾಣಿಗಳಲ್ಲಿ ಅದೂ ಸಾಲದು ಅಂತ ಇನ್ನೊಂದು ಬೀಗವಿದೆ, ಜೆಮಿನಿನ್. ಅದು ಸಿಡಿಟಿ1 ಅನ್ನು ಹಿಡಿದು ಕಟ್ಟಿಹಾಕುತ್ತದೆ. ನಕಲು ನಡೆಯುವಾಗ ಸಿಡಿಟಿ1 ಅನ್ನು ಕೋಶ ನಾಶವನ್ನೂ ಮಾಡುತ್ತದೆ. ಬೀಗದ ಮೇಲೆ ಬೀಗ. ಎರಡನೇ ಸಲ ಶುರುವಾಗಬಾರದು ಅನ್ನುವುದಕ್ಕೆ ಕೋಶ ಎಷ್ಟು ಖರ್ಚು ಮಾಡುತ್ತದೆ ನೋಡಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಯೀಸ್ಟಿನಲ್ಲಿ ಓಆರ್‌ಸಿ ಇಂಥದ್ದೇ ಅಕ್ಷರಗಳನ್ನು ಹುಡುಕಿ ಕೂರುತ್ತದೆ. ನಮ್ಮಲ್ಲಿ ಹಾಗೆ ಒಂದು ಗೊತ್ತಾದ ಪದ ಇಲ್ಲ, ಅದರ ಕಥೆಗೇ ಇನ್ನೊಂದು ಸಂಜೆ ಬೇಕು. ಬೇಕಾದ್ದಕ್ಕಿಂತ ತುಂಬ ಜಾಸ್ತಿ ಉಂಗುರಗಳನ್ನು ಕೋಶ ಮೊದಲೇ ಪೋಣಿಸಿರುತ್ತದೆ, ಎಲ್ಲಾದರೂ ನಕಲು ನಿಂತುಹೋದರೆ ಪಕ್ಕದ್ದು ಕೈಗೆ ಬರುತ್ತದೆ. ಓಆರ್‌ಸಿ, ಸಿಡಿಟಿ1, ಸಿಡಿಸಿ6 ಜೀನುಗಳಲ್ಲಿ ದೋಷವಿದ್ದರೆ ಮೈಯರ್-ಗಾರ್ಲಿನ್ ಅನ್ನುವ ಅಪರೂಪದ ಕಾಯಿಲೆ ಬರುತ್ತದೆ ಅಂತ 2011ರಲ್ಲಿ ಗೊತ್ತಾಯಿತು. ಆ ಮಕ್ಕಳು ಕುಳ್ಳಗಿರುತ್ತಾರೆ, ಕಿವಿ ಚಿಕ್ಕದು, ಮಂಡಿಚಿಪ್ಪು ಇರುವುದಿಲ್ಲ ಅಥವಾ ತೀರ ಸಣ್ಣದಿರುತ್ತದೆ. ಅದನ್ನು ವಿವರವಾಗಿ ಹೇಳಬೇಕು ಅಂತಿದ್ದೆ, ಬಿಡಿ.

ಒಂದು ವಿಡಿಯೊ ಮಾತ್ರ ಬಿಡುವುದಿಲ್ಲ. 2008ರಲ್ಲಿ ಜಪಾನಿನ ಮಿಯಾವಾಕಿ ಅವರ ಲ್ಯಾಬ್ ಸಿಡಿಟಿ1ರ ತುಂಡಿಗೆ ಕೆಂಪು ಬಣ್ಣ, ಜೆಮಿನಿನ್ ತುಂಡಿಗೆ ಹಸಿರು ಬಣ್ಣ ಅಂಟಿಸಿತು. ಹಾಗೆ ಬಣ್ಣ ಹಚ್ಚಿದ ಕೋಶಗಳು ಇವು. ದಯವಿಟ್ಟು ಯಾರಾದರೂ ಲೈಟ್ ಆರಿಸಿ. ಎಡಗಡೆ ಮೂಲೆಯ ಕೋಶ ನೋಡ್ತಾ ಇರಿ. ಕೆಂಪಗಿದೆ ಅಲ್ವಾ, ಚೀಟಿ ಕೊಡುವ ಹೊತ್ತು. ಈಗ ಹಳದಿಗೆ ತಿರುಗುತ್ತದೆ, ಆಮೇಲೆ ಹಸಿರು: ಕೌಂಟರ್ ಮುಚ್ಚಿತು, ನಕಲು ನಡೀತಿದೆ. ಈಗ ದುಂಡಗಾಗಿ ಎರಡಾಗುತ್ತದೆ. ಹಸಿರು ಹೋಯಿತು, ಕತ್ತಲು. ಸ್ವಲ್ಪ ತಾಳಿ. ಅಗೋ, ಎರಡರಲ್ಲೂ ಕೆಂಪು.