ತುಲುಮಿನ ಕಲ್ಲುಗೋಡೆ, ನೆಲದಡಿಯ ನದಿ

ನೀವೀಗ ನೋಡುತ್ತಿರುವುದು ಮೆಕ್ಸಿಕೊದ ಯುಕಟಾನ್ ಪರ್ಯಾಯ ದ್ವೀಪದ ಪೂರ್ವ ತೀರದಲ್ಲಿ, ಸುಮಾರು 12 ಮೀಟರ್ ಎತ್ತರದ ಕಡಿಬಂಡೆಯ ಮೇಲೆ ಕೆರಿಬಿಯನ್ ಕಡಲಿಗೆ ಮುಖಮಾಡಿ ನಿಂತಿರುವ ತುಲುಮ್ ನಗರದ ಅವಶೇಷಗಳನ್ನು. ಮೂರು ದಿಕ್ಕಿಗೆ ದಪ್ಪನೆಯ ಕಲ್ಲುಗೋಡೆಯಿದ್ದರೆ, ನಾಲ್ಕನೆಯ ದಿಕ್ಕಿಗೆ ಸಮುದ್ರವೇ ಕಾವಲು. ಮಾಯಾ ನಾಗರಿಕತೆ ಎಂದೊಡನೆ ನೆನಪಾಗುವ ಟಿಕಾಲ್, ಪಲೆಂಕೆಗಳಂತಹ ಕಾಡಿನ ನಡುವಿನ ಮಹಾನಗರಗಳು ಹತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಹುಮಟ್ಟಿಗೆ ಬರಿದಾಗಿದ್ದವು. ತುಲುಮ್ ಏಳಿಗೆಗೆ ಬಂದದ್ದು ಅವುಗಳ ನಂತರ, 13ರಿಂದ 15ನೆಯ ಶತಮಾನಗಳ ಅವಧಿಯಲ್ಲಿ. ಆದ್ದರಿಂದ ಆ ನಗರಗಳ ಮುಗಿಲೆತ್ತರದ ಪಿರಮಿಡ್ಡುಗಳನ್ನು ಇಲ್ಲಿ ಹುಡುಕಬಾರದು. ಇದು ದೋಣಿಗಳನ್ನು ನಂಬಿ ಬದುಕಿದ ವ್ಯಾಪಾರಿಗಳ ಊರು. ಗ್ವಾಟೆಮಾಲಾದ ಬೆಟ್ಟಸೀಮೆಯಿಂದ ಹೊರಟ ಅಬ್ಸಿಡಿಯನ್ ಎಂಬ ಕಪ್ಪು ಗಾಜುಗಲ್ಲು ಈ ದಡದವರೆಗೂ ಬಂದಿತ್ತು.

1518ರಲ್ಲಿ ಸ್ಪೇನಿನ ಅನ್ವೇಷಕ ಹುವಾನ್ ದೆ ಗ್ರಿಹಾಲ್ವಾನ ಹಡಗುಗಳು ಈ ತೀರದುದ್ದಕ್ಕೂ ಸಾಗಿದಾಗ, ಜೊತೆಗಿದ್ದ ಪಾದ್ರಿಯೊಬ್ಬರು ಸ್ಪೇನಿನ ಸೆವಿಲ್ ನಗರಕ್ಕೆ ಹೋಲಿಸಿ ಬರೆದ ಊರು ಇದೇ ಇರಬೇಕೆಂದು ಹಲವು ವಿದ್ವಾಂಸರು ನಂಬುತ್ತಾರೆ. ಗುಡಿಗಳ ಒಳಗೆ ಈಗ ಪ್ರವೇಶವಿಲ್ಲ. ಹೊರಗಿನಿಂದಲೇ ಬಾಗಿಲ ಮೇಲ್ಗಡೆ ಕಣ್ಣು ಹಾಯಿಸಿದರೆ, ಕಾಲು ಮೇಲಾಗಿ, ತಲೆ ಕೆಳಗಾಗಿ ಧುಮುಕುತ್ತಿರುವ ದೇವರ ಗಾರೆಯ ಶಿಲ್ಪ ಕಾಣಿಸುತ್ತದೆ. ಈ ದೇವರು ಯಾರೆಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಅವನ ಮುಂದೆ ಮಾತ್ರ ನಾನು ಬಹಳ ಹೊತ್ತು ನಿಂತಿದ್ದೆ.

ಇಷ್ಟು ಜನ ಬಾಳಿದ ಸೀಮೆಯಲ್ಲಿ ಹೊಳೆಯೆಲ್ಲಿ ಎಂದು ಕೇಳಿದರೆ, ಉತ್ತರ ಯುಕಟಾನಿನ ನೆಲದ ಮೇಲೆ ಹರಿಯುವ ನದಿಯೇ ಇಲ್ಲ. ಇಲ್ಲಿನ ನೆಲ ಸುಣ್ಣಕಲ್ಲಿನದು. ಮಳೆನೀರು ಅದರ ಬಿರುಕುಗಳಲ್ಲಿ ಇಂಗಿ, ಕಲ್ಲನ್ನು ಸಾವಿರಾರು ವರ್ಷ ಕರಗಿಸಿ, ಒಳಗೊಳಗೇ ಗುಹೆಗಳನ್ನು ಕೊರೆದು, ಕೊನೆಗೆ ಕಡಲನ್ನು ಸೇರುತ್ತದೆ. ಗುಹೆಯ ಛಾವಣಿ ಕುಸಿದು ನೀರು ಬಯಲಿಗೆ ಕಾಣುವ ಕಡೆಯೇ ಸೆನೋಟೆ. ಮಾಯಾ ಜನರಿಗೆ ಅದು ಕುಡಿಯುವ ನೀರಿನ ಆಸರೆಯೂ ಹೌದು, ಮಳೆದೇವರು ಚಾಕ್‌ನ ಸನ್ನಿಧಿಯೂ ಹೌದು. ಗುಡಿಗಳನ್ನು ಕಟ್ಟಿದ ಕಲ್ಲೂ ಈ ಗುಹೆಗಳ ಕಲ್ಲೂ ಒಂದೇ ಎಂಬುದನ್ನು ತಿಳಿದ ಮೇಲೆ, ತುಲುಮನ್ನು ನೋಡಿ ಸೆನೋಟೆಗೆ ಇಳಿಯದೆ ಹೋದರೆ ಊರಿನ ಅರ್ಧವನ್ನಷ್ಟೇ ನೋಡಿದಂತೆ ಎಂದು ನನಗನ್ನಿಸಿತು.

ಈಗ ನಾವು ತುಲುಮಿನ ಉತ್ತರಕ್ಕಿರುವ ದೋಸ್ ಓಹೋಸ್ ಎಂಬ ಸೆನೋಟೆಯಲ್ಲಿದ್ದೇವೆ. ನೀರು ಸುಮಾರು 25 ಡಿಗ್ರಿಯಷ್ಟು ತಂಪು. ಮುಖವನ್ನು ನೀರಿಗಿಳಿಸಿದ ಕ್ಷಣದಲ್ಲಿ ತಳದ ಬಂಡೆಗಳು ಕೈಗೆಟಕುವಷ್ಟು ಹತ್ತಿರವಿದ್ದಂತೆ ತೋರುತ್ತವೆ, ಆದರೆ ಅವು ಅನೇಕ ಮೀಟರ್ ಆಳದಲ್ಲಿವೆ. ಮಾರ್ಗದರ್ಶಿಯ ಟಾರ್ಚಿನ ಹಿಂದೆ ಈಜುತ್ತಾ ಹೋದಂತೆ, ಛಾವಣಿಯಿಂದ ಇಳಿಬಿದ್ದ ಸುಣ್ಣಕಲ್ಲಿನ ಕಂಬಗಳು ನೀರೊಳಗೂ ಮುಂದುವರಿದಿರುವುದು ಕಾಣುತ್ತದೆ. ಹನಿಹನಿಯಾಗಿ ಬೆಳೆಯುವ ಇಂಥ ಕಂಬಗಳು ನೀರಿನೊಳಗೆ ಹುಟ್ಟಲಾರವು. ಹಿಮಯುಗದಲ್ಲಿ ಸಮುದ್ರದ ಮಟ್ಟ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದ್ದಾಗ ಈ ಗುಹೆಗಳು ಒಣಗಿದ್ದವು, ಮನುಷ್ಯರೂ ಇವುಗಳೊಳಗೆ ನಡೆದಾಡಿದ್ದರು. 2007ರಲ್ಲಿ ಓಯೋ ನೆಗ್ರೋ ಎಂಬ ನೀರ್ಗುಂಡಿಯಲ್ಲಿ ಮುಳುಗುಗಾರರಿಗೆ ಸಿಕ್ಕಿದ ಹದಿಹರೆಯದ ಹುಡುಗಿಯ ಅಸ್ಥಿಪಂಜರ 12,000 ವರ್ಷಗಳಿಗೂ ಹಳೆಯದು; ಅಳಿದುಹೋದ ಆನೆಜಾತಿಯ ಪ್ರಾಣಿಗಳ ಎಲುಬುಗಳೂ ಅಲ್ಲೇ ಇದ್ದವು. ಸಂಶೋಧಕರು ಅವಳನ್ನು ನಾಯಾ ಎಂದು ಕರೆದಿದ್ದಾರೆ. ಕತ್ತಲಲ್ಲಿ ನೀರು ಹುಡುಕುತ್ತಾ ಬಂದು ಅವಳು ಬಿದ್ದಿರಬಹುದು ಎಂಬ ಊಹೆಯನ್ನು, ಇದೇ ಗುಹೆಜಾಲದ ನೀರಿನಲ್ಲಿ ತೇಲುತ್ತಿರುವಾಗ ಮರೆಯಲು ನನ್ನಿಂದ ಆಗಲಿಲ್ಲ.

2018ರಲ್ಲಿ ದೋಸ್ ಓಹೋಸ್ ಜಾಲವು ಸಾಕ್ ಆಕ್ತುನ್ ಎಂಬ ದೊಡ್ಡ ಜಾಲಕ್ಕೆ ನೀರಿನೊಳಗೇ ಕೂಡಿಕೊಂಡಿದೆ ಎಂಬುದು ಪತ್ತೆಯಾದಾಗ, ಅಳೆದ ಉದ್ದ ಒಟ್ಟು 347 ಕಿಲೋಮೀಟರ್ ಆಯಿತು. ಹೀಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿರುವುದರಿಂದಲೇ ನನಗೆ ಆತಂಕ. ಒಂದೆಡೆ ಇಂಗಿದ ಹೋಟೆಲಿನ ಕೊಳಚೆ ಮತ್ತೊಂದೆಡೆಯ ಸೆನೋಟೆಯನ್ನೂ, ಕಡಲ ಹವಳದಿಬ್ಬವನ್ನೂ ಮುಟ್ಟಬಲ್ಲದು. ಯುಕಟಾನನ್ನು ಸುತ್ತುವ ‘ಮಾಯಾ ರೈಲು’ ಮಾರ್ಗವನ್ನು ಹೊರಲೆಂದು ಈ ಸೀಮೆಯ ಗುಹೆಗಳ ಛಾವಣಿಗಳನ್ನು ತೂರಿ ಉಕ್ಕಿನ ಕಂಬಗಳನ್ನು ಇಳಿಸಲಾಗಿದೆ. ನೀವು ಇಲ್ಲಿಗೆ ಬರುವುದಾದರೆ ಸನ್‌ಸ್ಕ್ರೀನ್ ಹಚ್ಚದೆ, ಮೊದಲು ಮೈ ತೊಳೆದುಕೊಂಡು ನೀರಿಗಿಳಿಯಿರಿ. ಸ್ಥಳೀಯ ಮಾಯಾ ಸಮುದಾಯಗಳೇ ನೋಡಿಕೊಳ್ಳುವ ಸೆನೋಟೆಗಳಿವೆ, ಸಾಧ್ಯವಾದರೆ ನಿಮ್ಮ ಟಿಕೆಟಿನ ಹಣ ಅವರ ಕೈ ಸೇರಲಿ.