ಗುಂಡಿಯಲ್ಲಿ ನೆಟ್ಟ ಕೊಂಬೆ

ನಮಸ್ಕಾರ. ಮಲೆನಾಡಿನ ರಸ್ತೆಗಳಲ್ಲಿ ಓಡಾಡುವವರೆಲ್ಲ ಈ ದೃಶ್ಯವನ್ನು ಕಂಡಿರುತ್ತಾರೆ: ರಸ್ತೆಯ ನಡುವೆ ಗುಂಡಿ, ಗುಂಡಿಯ ತುಂಬ ಕೆಂಪು ನೀರು, ಆ ನೀರಿನಲ್ಲಿ ಯಾರೋ ನೆಟ್ಟ ಮರದ ಕೊಂಬೆ. ಕಳೆದ ಮಳೆಗಾಲದಲ್ಲಿ ಶಿವಮೊಗ್ಗದ ಹೊರವಲಯದ ಒಂದು ಖಾಸಗಿ ಬಡಾವಣೆಯಲ್ಲಿ ಇಂಥದೇ ಕೊಂಬೆಯ ಪಕ್ಕ, ಅಲ್ಲಿಯೇ ಮನೆ ಕಟ್ಟಿಕೊಂಡಿರುವ, ನಮಗೆ ತೀರ ಬೇಕಾದ ನಿವೃತ್ತ ಮೇಷ್ಟ್ರೊಬ್ಬರು ಸ್ಕೂಟರ್‌ನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಒಳಚರಂಡಿಯ ಚೇಂಬರ್ ಸುತ್ತ ಅಗೆದವರು ಮುಚ್ಚುವಾಗ ಗಟ್ಟಿಸದೆ ಬರೀ ಮಣ್ಣು ತುಂಬಿದ್ದರು; ಮೊದಲ ಮಳೆಗೇ ಅದು ಕುಸಿದು, ಚೇಂಬರಿನ ಕಾಂಕ್ರೀಟ್ ಅಂಚು ಗೇಣುದ್ದ ಎದ್ದು ನಿಂತಿತ್ತು. ನಾನು ಹೋಗಿ ನೋಡಿದಾಗ ಕೊಂಬೆಯ ಎಲೆಗಳು ಬಾಡಿ ಕಂದುಬಣ್ಣಕ್ಕೆ ತಿರುಗಿದ್ದವು. ನೆಟ್ಟವರು ಎದುರಿನ ದಿನಸಿ ಅಂಗಡಿಯವರು. ನೆಟ್ಟು ಮೂರು ವಾರವಾಗಿತ್ತು ಎಂದರು.

ಕಾನೂನಿನ ಕಣ್ಣಿನಲ್ಲಿ ಆ ಬಾಡಿದ ಎಲೆಗಳು ಸಾಕ್ಷಿ ಎಂಬುದು ನನ್ನ ವಾದ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಸೆಕ್ಷನ್ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಮತ್ತು ನಿರ್ವಹಣೆಯ ಮಾನದಂಡಗಳನ್ನು ಪಾಲಿಸದ ಕಾರಣ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಆ ರಸ್ತೆಗೆ ಹೊಣೆಯಾದ ಪ್ರಾಧಿಕಾರಕ್ಕೋ ಗುತ್ತಿಗೆದಾರರಿಗೋ 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಹಾಗೆ ವಿಧಿಸುವ ಮುನ್ನ ನ್ಯಾಯಾಲಯವು, ರಸ್ತೆ ಅಪಾಯಕಾರಿಯಾಗಿದೆ ಎಂಬುದು ಹೊಣೆಗಾರರಿಗೆ ಗೊತ್ತಿತ್ತೇ, ಗೊತ್ತಿರಬೇಕಿತ್ತೇ, ಸರಿಪಡಿಸಲು ಸಮಯವಿತ್ತೇ, ಅಷ್ಟರವರೆಗೆ ಯಾವ ಎಚ್ಚರಿಕೆಯ ಫಲಕ ಹಾಕಿದ್ದರು ಎಂಬುದನ್ನೆಲ್ಲ ನೋಡಬೇಕು. ದಿನಸಿ ಅಂಗಡಿಯವರಿಗೆ ಮೂರು ವಾರದಿಂದ ಗೊತ್ತಿದ್ದ ಗುಂಡಿ, ಅದನ್ನು ನೋಡಿಕೊಳ್ಳುವುದನ್ನೇ ಕೆಲಸವಾಗಿ ಉಳ್ಳವರಿಗೆ ಗೊತ್ತಿರಲಿಲ್ಲವೆಂದರೆ ಯಾವ ನ್ಯಾಯಾಧೀಶರೂ ಒಪ್ಪಬಾರದು.

ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ಮಳೆ ಹೆಚ್ಚಾಯಿತು, ರಸ್ತೆ ಕೊಚ್ಚಿಹೋಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜೂನ್ ತಿಂಗಳು ಈ ಜಿಲ್ಲೆಗೆ ಹೇಳದೆ ಕೇಳದೆ ಬರುವ ನೆಂಟನಲ್ಲ. ಸೋಗೆ ಹೊದಿಸಿ, ಸೌದೆ ಒಟ್ಟಿ, ಅಡಿಕೆಗೆ ಔಷಧಿ ಹೊಡೆಸಿ ಮಳೆಗೆ ಸಿದ್ಧರಾಗುವ ರೈತರ ನಾಡಿನಲ್ಲಿ, ಚರಂಡಿಯಿಲ್ಲದೆ ಡಾಂಬರು ಹಾಕಿದವರು ಮಾತ್ರ ಮಳೆಯನ್ನು ಅನಿರೀಕ್ಷಿತ ಎನ್ನುವುದು ಅನ್ಯಾಯ. ಮಲೆನಾಡಿನ ರಸ್ತೆಯ ಗುಣಮಟ್ಟವನ್ನು ಮಲೆನಾಡಿನ ಮಳೆಯಲ್ಲೇ ಅಳೆಯಬೇಕು.

ಮೇಷ್ಟ್ರ ಪ್ರಕರಣದಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಆ ನಂತರ ನಡೆದದ್ದು. ಬಡಾವಣೆ ಮಾಡಿದವರು, ನಿವೇಶನಗಳೆಲ್ಲ ಮಾರಾಟವಾಗಿವೆ, ರಸ್ತೆ ಇನ್ನು ನಮ್ಮದಲ್ಲ ಎಂದರು. ನಗರಾಡಳಿತದ ಕಚೇರಿಗೆ ಹೋದರೆ, ಬಡಾವಣೆ ಇನ್ನೂ ನಮಗೆ ಹಸ್ತಾಂತರವಾಗಿಲ್ಲ ಎಂಬ ಉತ್ತರ ಬಂತು. ಠಾಣೆಯ ಕಾಗದದಲ್ಲಿ ಮೇಷ್ಟ್ರು ತಾವಾಗಿಯೇ ಆಯತಪ್ಪಿ ಬಿದ್ದರೆಂದಿದೆ. ನಲವತ್ತು ವರ್ಷ ಗಾಡಿ ಓಡಿಸಿದ ಮನುಷ್ಯ ಈಗ ವಾಕರ್ ಹಿಡಿದು ಬಚ್ಚಲಿಗೆ ಹೋಗುತ್ತಾರೆ, ತಪ್ಪು ಅವರದೇ ಎಂದು ದಾಖಲಾಗಿದೆ.

ಬಡಾವಣೆಯವರ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ನಿವೇಶನ, ಮನೆ ಮಾರುವವರನ್ನು ನಿಯಂತ್ರಿಸುವ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ರಸ್ತೆ, ಪಾದಚಾರಿ ಮಾರ್ಗ, ಚರಂಡಿಗಳನ್ನೆಲ್ಲ ಆಂತರಿಕ ಅಭಿವೃದ್ಧಿ ಕಾಮಗಾರಿ ಎಂದೇ ಕರೆಯುತ್ತದೆ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಮಗಾರಿಯ ದೋಷವನ್ನು ನಿವೇಶನದಾರರು ಗಮನಕ್ಕೆ ತಂದರೆ, ಬಡಾವಣೆ ಮಾಡಿದವರು ಅದನ್ನು 30 ದಿನಗಳಲ್ಲಿ ಸ್ವಂತ ಖರ್ಚಿನಿಂದ ಸರಿಪಡಿಸಬೇಕೆಂದು ಅದರ 14ನೇ ಸೆಕ್ಷನ್ ಹೇಳುತ್ತದೆ. ಮೇಷ್ಟ್ರಿಗೆ ನಿವೇಶನ ಸಿಕ್ಕಿ ಇನ್ನೂ ನಾಲ್ಕು ವರ್ಷ ತುಂಬಿಲ್ಲ.

ನಗರದ ಆಡಳಿತವೂ ಕೈತೊಳೆದುಕೊಳ್ಳುವಂತಿಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿಯೇ ಪೌರಸಂಸ್ಥೆಯನ್ನು ಹೊಣೆ ಮಾಡಿತ್ತು. ಸುಸ್ಥಿತಿಯ ರಸ್ತೆ ಜೀವಿಸುವ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕೆಂದೂ, ಗುಂಡಿಯಿಂದ ಹಾನಿಗೊಳಗಾದವರು ಪರಿಹಾರ ಕೇಳಬಹುದೆಂದೂ ಬೆಂಗಳೂರಿನ ಗುಂಡಿಗಳ ವಿಚಾರಣೆಯಲ್ಲಿ ನಮ್ಮ ಹೈಕೋರ್ಟ್ 2019ರಲ್ಲಿ ಹೇಳಿತು. ಇದಕ್ಕೆ ಎದುರಾದ ತೀರ್ಪೂ ಇದೆ: ಗುಜರಾತಿನ ರಾಜ್‌ಕೋಟ್‌ನಲ್ಲಿ ದಾರಿಹೋಕರೊಬ್ಬರ ಮೇಲೆ ಮರ ಬಿದ್ದ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಪಾಲಿಕೆಯನ್ನು ಹೊಣೆ ಮಾಡಲಿಲ್ಲ. ಊರಿನ ಪ್ರತಿ ಮರಕ್ಕೂ ಪಾಲಿಕೆ ಕಾವಲು ಕೂರಲಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇದ್ದಕ್ಕಿದ್ದಂತೆ ಮುರಿದು ಬೀಳುವ ಮರ ಬೇರೆ, ಮೂರು ವಾರ ಬಾಯ್ದೆರೆದು ಕೂತ ಚೇಂಬರ್ ಬೇರೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಹಸ್ತಾಂತರದ ದಿನಾಂಕ ಕಾಗದದ ಮೇಲೆ ಬೀಳುವವರೆಗೆ ಬಡಾವಣೆ ಮಾಡಿದವರೂ ಅದಕ್ಕೆ ಅನುಮೋದನೆ ಕೊಟ್ಟ ಪ್ರಾಧಿಕಾರವೂ ಜಂಟಿಯಾಗಿ ಹೊಣೆಯಾಗಬೇಕು, ಮತ್ತು ಆ ಹೊಣೆ ಯಾರದೆಂಬುದು ಬಡಾವಣೆಯ ಬಾಗಿಲಲ್ಲೇ ಫಲಕದ ಮೇಲೆ ಬರೆದಿರಬೇಕು. 198ಎ ಅಡಿಯ ದಂಡದ ಹಣ ಅಪಘಾತ ನಿಧಿಗೆ ಹೋಗುತ್ತದೆಯೇ ಹೊರತು ಬಿದ್ದವರ ಕೈಗೆ ಬರುವುದಿಲ್ಲ. ಪರಿಹಾರ ಬೇಕಾದವರು ಬೇರೆಯೇ ಮೊಕದ್ದಮೆ ಹೂಡಬೇಕು, ಸರ್ಕಾರವನ್ನು ಪ್ರತಿವಾದಿ ಮಾಡಬೇಕಾದರೆ ಎರಡು ತಿಂಗಳ ನೋಟಿಸ್ ಕೊಟ್ಟು ಕಾಯಬೇಕು. ಮುರಿದ ಮೂಳೆಯ ಮನುಷ್ಯನ ಮೇಲೆ ಇಷ್ಟು ಭಾರ ಹೊರಿಸುವ ವ್ಯವಸ್ಥೆ ಬದಲಾಗಲೇಬೇಕು.

ಬದಲಾಗುವವರೆಗೆ, ಗುಂಡಿ ಕಂಡಲ್ಲಿ ಕೊಂಬೆ ನೆಡಿ, ಜೊತೆಗೆ ದಿನಾಂಕ ಸಹಿತ ಒಂದು ಫೋಟೋ ತೆಗೆದು, ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಂಗಡಿಯವರು ಕೊಂಬೆ ನೆಟ್ಟ ದಿನವೇ ತಮ್ಮ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟಿದ್ದರು. ಅದರಲ್ಲಿ ಎಲೆಗಳು ಇನ್ನೂ ಹಸಿರಾಗಿವೆ. ಆ ಚಿತ್ರ ಈಗ ಮೇಷ್ಟ್ರ ವಕೀಲರ ಕಡತದಲ್ಲಿದೆ.