ರಾಜಾಪಾರ್ಟು ಇಳಿಸದ ಹುಡುಗ

ಕೇಳುಗರಿಗೆ ನಮಸ್ಕಾರ.

ಇನ್‌ಸ್ಟಾಗ್ರಾಂನಲ್ಲಿ ಪುಸ್ತಕಗಳ ವಿಡಿಯೊ ನೋಡುವ ಅಭ್ಯಾಸ ಇದ್ದರೆ, ಎಂ. ಎಲ್. ರಿಯೊ ಬರೆದ ‘ಇಫ್ ವೀ ವರ್ ವಿಲನ್ಸ್’ ಕಾದಂಬರಿ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಮೇಣದಬತ್ತಿ, ಉಣ್ಣೆ ಕೋಟು, ಪಕ್ಕದಲ್ಲಿ ಈ ಪುಸ್ತಕ. 2017ರಲ್ಲಿ ಬಂದದ್ದು, ಹೊಗಳಿಕೆ ಇನ್ನೂ ನಿಂತಿಲ್ಲ. ಇಷ್ಟು ಜನ ಹೊಗಳಿದರೆ ನನಗೆ ಓದುವ ಮನಸ್ಸೇ ಬರುವುದಿಲ್ಲ. ಅಂತೂ ಈಗ ಓದಿದೆ.

ಕತೆ ನಡೆಯುವುದು ಅಮೆರಿಕದ ಇಲಿನಾಯ್ ರಾಜ್ಯದ ಒಂದು ಕಲ್ಪಿತ ಕಲಾಶಾಲೆಯಲ್ಲಿ, 1997ರಲ್ಲಿ. ನಾಲ್ಕನೇ ವರ್ಷದ ಏಳು ಜನ ನಟನೆ ವಿದ್ಯಾರ್ಥಿಗಳು. ಆಡುವುದು ಶೇಕ್ಸ್‌ಪಿಯರ್ ಮಾತ್ರ. ಅವರಲ್ಲಿ ಒಬ್ಬ ಸಾಯುತ್ತಾನೆ. ಆ ಏಳು ಜನರಲ್ಲೇ ಇನ್ನೊಬ್ಬ, ಹತ್ತು ವರ್ಷ ಜೈಲಿನಲ್ಲಿದ್ದು ಹೊರಬಂದ ಆಲಿವರ್, ಆಗ ನಡೆದದ್ದೇನು ಅಂತ ಹಳೆಯ ಪೊಲೀಸ್ ಅಧಿಕಾರಿಗೆ ಹೇಳುತ್ತಾನೆ.

ಕೊಂದವರು ಯಾರು ಅಂತ ಊಹಿಸುವುದು ಅಷ್ಟೇನೂ ಕಷ್ಟವಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಪಾತ್ರ ಹಂಚಿಕೆ. ರಿಚರ್ಡ್‌ಗೆ ಯಾವಾಗಲೂ ದರ್ಪದ ದೊರೆ. ಜೇಮ್ಸ್‌ಗೆ ನಾಯಕ. ಮೆರೆಡಿತ್‌ಗೆ ಮೋಹಿನಿ. ಅಲೆಕ್ಸಾಂಡರ್‌ಗೆ ಖಳ. ಆಲಿವರ್, ಫಿಲಿಪ್ಪಾಗೆ ಮಿಕ್ಕಿದ್ದು. ನಮ್ಮ ಕಂಪನಿ ನಾಟಕಗಳಲ್ಲೂ ರಾಜಾಪಾರ್ಟು, ಸ್ತ್ರೀಪಾರ್ಟು ಅಂತ ಇತ್ತಲ್ವಾ? ಆದರೆ ಇವರಿಗೆ ಬಣ್ಣ ಒರೆಸಿದ ಮೇಲೂ ಪಾರ್ಟು ಇಳಿಯುವುದಿಲ್ಲ.

ಹ್ಯಾಲೋವೀನ್ ರಾತ್ರಿ ಕೆರೆ ದಡದಲ್ಲಿ ಮ್ಯಾಕ್‌ಬೆತ್ ಆಡುತ್ತಾರೆ. ತಾಲೀಮು ಇಲ್ಲ. ಯಾರಿಗೆ ಯಾವ ಪಾತ್ರ ಅಂತ ಇನ್ನೊಬ್ಬರಿಗೆ ಹೇಳುವಂತಿಲ್ಲ. ದೊರೆಯಾಗುವ ಮ್ಯಾಕ್‌ಬೆತ್‌ನ ಪಾತ್ರ ಈ ಸಲ ರಿಚರ್ಡ್‌ಗಲ್ಲ, ಜೇಮ್ಸ್‌ಗೆ ಹೋಗಿರುತ್ತದೆ. ಆಟ ಮುಗಿದು ಎಲ್ಲರೂ ಕುಡಿದು ನೀರಿಗಿಳಿದಾಗ ರಿಚರ್ಡ್ ಅವನ ತಲೆಯನ್ನು ನೀರೊಳಗೆ ಅದುಮಿ ಹಿಡಿಯುತ್ತಾನೆ. ಮೊದಮೊದಲು ತಮಾಷೆ ಅನ್ನಿಸುತ್ತದೆ. ಕೈ ಸಡಿಲವಾಗುವುದೇ ಇಲ್ಲ.

ಮುಂದಿನದು ಅರ್ಧ ಪುಸ್ತಕದೊಳಗೇ ಬರುತ್ತದೆ, ಹೇಳಿಬಿಡುತ್ತೇನೆ. ಜೂಲಿಯಸ್ ಸೀಸರ್ ನಾಟಕದಲ್ಲಿ ಸೀಸರ್ ರಿಚರ್ಡೇ. ಅದಾದ ಮೇಲೆ ಒಂದು ಮುಂಜಾವು ಅವನು ಅದೇ ಕೆರೆಯಲ್ಲಿ ತೇಲುತ್ತಿರುತ್ತಾನೆ. ಜೀವ ಇನ್ನೂ ಹೋಗಿಲ್ಲ. ಒಬ್ಬ ನೀರಿಗೆ ಇಳಿಯಲು ಹೊರಡುತ್ತಾನೆ, ಇನ್ನೊಬ್ಬ ತಡೆಯುತ್ತಾನೆ. ಆರು ಜನ ಸುಮ್ನೆ ನಿಂತು ನೋಡುತ್ತಾರೆ. ಸೀಸರ್‌ಗೆ ಕತ್ತಿ ಹಾಕಿ ಹಾಕಿ ಅಭ್ಯಾಸವಾದ ಕೈಗಳು, ಚಾಚಬೇಕಾದಾಗ ಚಾಚಲಿಲ್ಲ. ಕಾದಂಬರಿಯ ಕತ್ತಲೆ ಇರುವುದು ಇಲ್ಲಿ. ಮೇಣದಬತ್ತಿಯವರು ಇದನ್ನು ಯಾಕೆ ಹೇಳಲ್ಲವೋ!

ತಕರಾರೂ ಇದೆ. ಇವರು ಊಟ ಮಾಡುವಾಗಲೂ, ಜಗಳ ಆಡುವಾಗಲೂ ಶೇಕ್ಸ್‌ಪಿಯರ್ ಸಾಲುಗಳನ್ನೇ ಉದುರಿಸುತ್ತಾರೆ. ರಿಯೊ ಸ್ವತಃ ನಟಿಯಾಗಿದ್ದವರು, ಲಂಡನ್ನಿನಲ್ಲಿ ಶೇಕ್ಸ್‌ಪಿಯರ್ ಅಧ್ಯಯನದಲ್ಲೇ ಎಂ.ಎ. ಮಾಡಿದವರು. ಆ ಪ್ರೀತಿ ಜಾಸ್ತಿ ಆಗಿದೆ. ನಿಜವಾದ ದುಃಖ ಬಂದಾಗ, ಸ್ವಂತ ಮಾತು ಹೊರಡದ ಕಡೆ, ಅದೇ ಸಾಲುಗಳು ಕೆಲಸ ಮಾಡುತ್ತವೆ ಅನ್ನುವುದೂ ಸರಿ. ಇನ್ನು ಫಿಲಿಪ್ಪಾ. ಏಳು ಜನರಲ್ಲಿ ನೆಟ್ಟಗೆ ಯೋಚಿಸುವವಳು ಅವಳೊಬ್ಬಳೇ, ಅವಳ ಬಗ್ಗೆಯೇ ಲೇಖಕಿ ಕಮ್ಮಿ ಹೇಳುತ್ತಾರೆ. ಮೇಷ್ಟ್ರುಗಳ ಹಾಗೆ ಇವರೂ ಅವಳಿಗೆ ಮಿಕ್ಕಿದ್ದನ್ನೇ ಕೊಟ್ಟಿದ್ದಾರೆ.

ಓದುವುದಾದರೆ ಮೊದಲು ಕಿಂಗ್ ಲಿಯರ್ ನಾಟಕದ ಮೊದಲ ಅಂಕದ ಎರಡನೇ ದೃಶ್ಯ ಓದಿಕೊಳ್ಳಿ. ಜನ ತಾವು ಮಾಡಿದ ಕೆಟ್ಟದ್ದಕ್ಕೆ ಸೂರ್ಯ, ಚಂದ್ರ, ನಕ್ಷತ್ರಗಳನ್ನು ದೂರುತ್ತಾರೆ ಅಂತ ಆ ನಾಟಕದ ಖಳ ಎಡ್ಮಂಡ್ ಅಲ್ಲಿ ಗೇಲಿ ಮಾಡುತ್ತಾನೆ. ಕಾದಂಬರಿಯ ಹೆಸರು ಬಂದದ್ದು ಆ ಮಾತಿನಿಂದಲೇ. ಕೊನೆಗೆ ಇವರು ಲಿಯರ್ ಆಡುವಾಗ ಎಡ್ಮಂಡ್ ಪಾತ್ರ ಯಾರ ಪಾಲಿಗೆ ಬರುತ್ತದೆ ಅನ್ನುವುದನ್ನು ಮಾತ್ರ ನಾನು ಹೇಳುವುದಿಲ್ಲ.

ನಮಸ್ಕಾರ.